ಹಳೆಯ ಡೆಸ್ಕ್‌ಟಾಪ್: ಯಾವುದನ್ನು ಬದಲಿಸಬೇಕು, ಯಾವುದಕ್ಕೆ ದುಡ್ಡು ಹಾಕಬಾರದು

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹತ್ತು-ಹನ್ನೆರಡು ವರ್ಷ ಹಳೆಯ ಕಂಪ್ಯೂಟರುಗಳದ್ದು. ಒಬ್ಬರಿಗೆ ಕೊಟ್ಟ ಉತ್ತರ ಇನ್ನೊಬ್ಬರಿಗೂ ಉಪಯೋಗಕ್ಕೆ ಬರುವಂತಿರುವುದರಿಂದ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮದು 2012ರಲ್ಲಿ ಅಸೆಂಬಲ್ ಮಾಡಿಸಿದ ಕಂಪ್ಯೂಟರ್. ಇಂಟೆಲ್ ಐ3-2100 ಪ್ರೊಸೆಸರ್, ಎಚ್61 ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಸ್ವಿಚ್ ಒತ್ತಿದ ಮೇಲೆ ಐದಾರು ನಿಮಿಷ ಕಾಯಬೇಕು. ಟ್ಯಾಲಿ ಮತ್ತು ಕ್ರೋಮ್ ಒಟ್ಟಿಗೆ ತೆರೆದರೆ ಮೌಸ್ ಕೂಡ ಅಲ್ಲಾಡುವುದಿಲ್ಲ. ಅಂಗಡಿಯವರು ಐ5 ಹಾಕಿಸಿ ಅನ್ನುತ್ತಾರೆ, ಸ್ನೇಹಿತರು ರ‍್ಯಾಮ್ ಹೆಚ್ಚಿಸಿದರೆ ಸಾಕು ಅನ್ನುತ್ತಾರೆ. ಯಾರ ಮಾತು ಕೇಳಲಿ?
— ಎಂ. ಎಸ್., ಹಾವೇರಿ

ಉತ್ತರ: ಮೊದಲು ಕಂಪ್ಯೂಟರಿನ ಮಾತು ಕೇಳಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ, ಎಂದಿನಂತೆ ಟ್ಯಾಲಿಯನ್ನೂ ಕ್ರೋಮನ್ನೂ ತೆರೆಯಿರಿ. ಯಾವ ಗೆರೆ ಮೇಲೆ ಹೋಗಿ ಅಲ್ಲೇ ಅಂಟಿಕೊಳ್ಳುತ್ತದೆ ನೋಡಿ. ನಿಮ್ಮಂಥ ಯಂತ್ರದಲ್ಲಿ ಸಿಪಿಯು 20-30 ಶೇಕಡಾದಲ್ಲಿ ಆರಾಮಾಗಿದ್ದು, ಡಿಸ್ಕ್ ಮಾತ್ರ 100 ಶೇಕಡಾ ತೋರಿಸುವುದೇ ಹೆಚ್ಚು. ಹಾಗಿದ್ದರೆ ಐ5 ಹಾಕಿಸಿಯೂ ಅದೇ ಐದಾರು ನಿಮಿಷ ಕಾಯುತ್ತೀರಿ. ಪ್ರೊಸೆಸರ್ ಆಗಲೇ ಕೆಲಸವಿಲ್ಲದೆ ಡಿಸ್ಕಿನ ದಾರಿ ಕಾಯುತ್ತ ಕೂತಿದೆ.

ಕಾರಣ ಸರಳ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಸೂಜಿ ಆ ಜಾಡಿಗೆ ಸರಿಯಲು ಇನ್ನೊಂದು 8-9 ಮಿಲಿಸೆಕೆಂಡ್. ಲೆಕ್ಕ ಹಾಕಿದರೆ ಸೆಕೆಂಡಿಗೆ 75-80 ಕಡೆ ಓದಲಷ್ಟೇ ಸಾಧ್ಯ. ವಿಂಡೋಸ್ ಶುರುವಾಗುವಾಗ ಓದುವುದು ಒಂದು ದೊಡ್ಡ ಫೈಲನ್ನಲ್ಲ, ಡಿಸ್ಕಿನ ತುಂಬ ಚದುರಿಬಿದ್ದ ಸಾವಿರಾರು ಸಣ್ಣ ತುಣುಕುಗಳನ್ನು. ಎಸ್‌ಎಸ್‌ಡಿ ಎಂದರೆ ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಿಪ್ಪುಗಳಲ್ಲಿ ಡೇಟಾ ಇಡುವ ಡ್ರೈವ್; ಅದರಲ್ಲಿ ತಿರುಗುವುದೇ ಏನೂ ಇಲ್ಲ. ಅತಿ ಅಗ್ಗದ್ದೂ ಸೆಕೆಂಡಿಗೆ ಸಾವಿರಾರು ಕಡೆ ಓದುತ್ತದೆ.

ಆದ್ದರಿಂದ ಮೊದಲ ಖರ್ಚು ಎಸ್‌ಎಸ್‌ಡಿಗೆ. 2.5 ಇಂಚಿನ ಸಾಟಾ ಮಾದರಿ (ಹಾರ್ಡ್ ಡಿಸ್ಕಿನಂತೆಯೇ ಕೇಬಲಿನಲ್ಲಿ ಬೋರ್ಡಿಗೆ ಜೋಡಿಸುವಂಥದ್ದು), 240 ಅಥವಾ 256 ಜಿಬಿ. 120 ಜಿಬಿ ತಗೊಳ್ಳಬೇಡಿ. ವಿಂಡೋಸ್ ಮತ್ತು ಅದರ ಅಪ್‌ಡೇಟುಗಳೇ ಅರ್ಧ ಜಾಗ ನುಂಗಿಬಿಡುತ್ತವೆ. ಎನ್‌ವಿಎಂಇ ಎಂಬ ಚಿಕ್ಕ ಪಟ್ಟಿಯಂಥದ್ದು ಇನ್ನೂ ವೇಗ ಎಂದು ಯಾರಾದರೂ ಹೇಳಬಹುದು. ನಿಮ್ಮ ಬೋರ್ಡಿನಲ್ಲಿ ಅದಕ್ಕೆ ಜಾಗವಿಲ್ಲ. ಅಡಾಪ್ಟರ್ ಹಾಕಿ ಕೂರಿಸಿದರೂ ಆ ಕಾಲದ ಬಯಾಸಿಗೆ (ಸ್ವಿಚ್ ಒತ್ತಿದೊಡನೆ ಬೋರ್ಡಿನಲ್ಲಿ ಮೊದಲು ಓಡುವ ತಂತ್ರಾಂಶ) ಅದರಿಂದ ಬೂಟ್ ಮಾಡಲು, ಅಂದರೆ ವಿಂಡೋಸ್ ಶುರುಮಾಡಲು, ಬರುವುದಿಲ್ಲ. ಎಚ್61 ಚಿಪ್‌ಸೆಟ್ಟಿನ ಸಾಟಾ ಹಳೆಯ 3 ಗಿಗಾಬಿಟ್ಟಿನದು, ಡಬ್ಬಿಯ ಮೇಲೆ ಸೆಕೆಂಡಿಗೆ 550 ಎಂಬಿ ಎಂದಿದ್ದರೂ ನಿಮಗೆ ಸಿಗುವುದು 270ರ ಆಸುಪಾಸು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ದಿನದ ಕೆಲಸದಲ್ಲಿ ಫರಕು ಕೊಡುವುದು ಸಣ್ಣ ತುಣುಕುಗಳನ್ನು ಓದುವ ಚುರುಕು, ಅದು ಪೂರ್ತಿ ಸಿಗುತ್ತದೆ.

ಎರಡನೇ ಖರ್ಚು ರ‍್ಯಾಮಿಗೆ, ನಿಮ್ಮ ಸ್ನೇಹಿತರ ಮಾತಿನಲ್ಲಿ ಅರ್ಧ ಸತ್ಯವಿದೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ 4ರಲ್ಲಿ 3.5 ಜಿಬಿಗಿಂತ ಹೆಚ್ಚು ತುಂಬಿದ್ದರೆ ವಿಂಡೋಸ್ ಡಿಸ್ಕಿನ ಒಂದು ಭಾಗವನ್ನೇ ರ‍್ಯಾಮಿನಂತೆ ಬಳಸಲು ಶುರುಮಾಡುತ್ತದೆ. ಡಿಸ್ಕ್ ನೂರು ಶೇಕಡಾ ಆಗಲು ಅದೂ ಒಂದು ಕಾರಣ. ಇನ್ನೊಂದು 4 ಜಿಬಿ ಡಿಡಿಆರ್3 ತಂದು ಎರಡನೇ ಸ್ಲಾಟಿಗೆ ಹಾಕಿ. ಒಂದೇ ಅಳತೆಯ ಎರಡು ಕಡ್ಡಿಗಳಿದ್ದರೆ ಎರಡೂ ಜೊತೆಯಾಗಿ ಕೆಲಸ ಮಾಡುತ್ತವೆ. ಲೇಬಲ್ಲಿನ ಮೇಲೆ 1333 ಇರಲಿ 1600 ಇರಲಿ ನಡೆಯುತ್ತದೆ. ನಿಮ್ಮ ಐ3 ಎರಡನ್ನೂ 1333ರಲ್ಲೇ ಓಡಿಸುತ್ತದೆ. ಸೆಟಿಂಗ್ಸ್, ಸಿಸ್ಟಂ, ಅಬೌಟ್‌ನಲ್ಲಿ 32 ಬಿಟ್ ವಿಂಡೋಸ್ ಎಂದಿದ್ದರೆ ಮಾತ್ರ ಸ್ವಲ್ಪ ತಡೆಯಿರಿ. ಎಷ್ಟು ರ‍್ಯಾಮ್ ಹಾಕಿದರೂ ಅದು ಮೂರು ಚಿಲ್ಲರೆ ಜಿಬಿಗಿಂತ ಮುಂದೆ ಹೋಗುವುದಿಲ್ಲ. 64 ಬಿಟ್ ಬೇಕೆಂದರೆ ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು.

ನಿಮಗೆ ನಮ್ಮ ಸಲಹೆಯೂ ಅದೇ: ಹಳೆಯದನ್ನು ಕ್ಲೋನ್ ಮಾಡದೆ, ಅಂದರೆ ಇದ್ದ ಹಾಗೇ ಪೂರ್ತಿ ನಕಲು ಮಾಡದೆ, ಹೊಸ ಎಸ್‌ಎಸ್‌ಡಿಗೆ ಹೊಸದಾಗಿ ವಿಂಡೋಸ್ ಹಾಕುವುದು. ಹತ್ತು ವರ್ಷದ ಕಸವನ್ನು ಹೊಸ ಡ್ರೈವಿಗೆ ಹೊತ್ತು ತರುವುದರಲ್ಲಿ ಅರ್ಥವಿಲ್ಲ. ಟ್ಯಾಲಿಯ ಡೇಟಾ ಫೋಲ್ಡರ್, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಬೇಕಾದ ಫಾಂಟುಗಳು ಇಷ್ಟನ್ನೂ ಹೊರಗಿನ ಡ್ರೈವಿಗೆ ನಕಲು ಮಾಡಿಕೊಳ್ಳಿ. ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ 8 ಜಿಬಿ ಪೆನ್‌ಡ್ರೈವಿನಲ್ಲಿ ಇನ್‌ಸ್ಟಾಲರ್ ಸಿದ್ಧಮಾಡಿ. ಆಮೇಲೆ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಖಾಲಿ ಮಾಡಿ, ಕ್ಯಾಬಿನೆಟ್ಟಿನ ಎಡ ಮಗ್ಗುಲು ಬಿಚ್ಚಿ.

ಎಸ್‌ಎಸ್‌ಡಿಗೆ ಎರಡು ತಂತಿ ಬೇಕು: ಬೋರ್ಡಿನಿಂದ ಕಿರಿದಾದ ಡೇಟಾ ಕೇಬಲ್, ಎಸ್‌ಎಂಪಿಎಸ್‌ನಿಂದ, ಅಂದರೆ ಕಂಪ್ಯೂಟರಿಗೆ ವಿದ್ಯುತ್ ಕೊಡುವ ಡಬ್ಬಿಯಿಂದ, ಅಗಲವಾದ ಪವರ್ ಕೇಬಲ್. ಎಸ್‌ಎಂಪಿಎಸ್‌ನಲ್ಲಿ ಸಾಟಾ ಪವರ್ ಖಾಲಿ ಇಲ್ಲದಿದ್ದರೆ ಹಳೆಯ ನಾಲ್ಕು ಪಿನ್ನಿನಿಂದ ಬದಲಿಸುವ ಕನ್ವರ್ಟರ್ ಸಿಗುತ್ತದೆ. ಕೊಳ್ಳುವಾಗ ಸಾಟಾ ತುದಿಯನ್ನು ತಿರುಗಿಸಿ ನೋಡಿ. ತಂತಿಗಳ ಮೇಲೆ ಪ್ಲಾಸ್ಟಿಕ್ ಎರಕ ಹೊಯ್ದು ಮುಚ್ಚಿಬಿಟ್ಟಿರುವುದು ಬೇಡ. ಒಳಗೆ ತಂತಿಗಳು ಒಂದಕ್ಕೊಂದು ತಾಗಿ ಸುಟ್ಟುಹೋಗುವ ಜಾತಿ ಅದು. ಹಿಂದೆ ಮುಚ್ಚಳವಿದ್ದು ತಂತಿಗಳು ಬಿಡಿಬಿಡಿಯಾಗಿ ಕಚ್ಚಿಕೊಂಡಿರುವುದನ್ನು ಕೇಳಿ ತಗೊಳ್ಳಿ. ಎಸ್‌ಎಸ್‌ಡಿಯನ್ನು ಕೂರಿಸಲು ಬ್ರಾಕೆಟ್ ಇಲ್ಲವೆಂದರೆ ಒಂದು ಮಗ್ಗುಲಿಗೆ ಎರಡು ಸ್ಕ್ರೂ ಹಾಕಿದರೂ ನಡೆಯುತ್ತದೆ, ಒಳಗೆ ಅಲುಗಾಡುವ ಭಾಗವೇ ಇಲ್ಲವಲ್ಲ.

ಇನ್‌ಸ್ಟಾಲ್ ಮಾಡುವಾಗ ಹಳೆಯ ಹಾರ್ಡ್ ಡಿಸ್ಕಿನ ಡೇಟಾ ಕೇಬಲ್ ಕಿತ್ತಿಡಿ. ರಿಪೇರಿ ಅಂಗಡಿಯವರೂ ಇದನ್ನು ಮರೆಯುವುದುಂಟು. ಎರಡೂ ಡಿಸ್ಕ್ ಇದ್ದರೆ ವಿಂಡೋಸ್ ತಾನು ಎಸ್‌ಎಸ್‌ಡಿಗೆ ಹೋಗಿ, ಬೂಟ್ ಮಾಡುವ ಸಣ್ಣ ಭಾಗವನ್ನು ಹಳೆಯ ಡಿಸ್ಕಿನಲ್ಲೇ ಬಿಟ್ಟುಬಿಡಬಹುದು. ಆರು ತಿಂಗಳ ಮೇಲೆ ಹಳೆಯದನ್ನು ತೆಗೆದ ದಿನ ಕಂಪ್ಯೂಟರ್ ಏಳುವುದಿಲ್ಲ. ಪೆನ್‌ಡ್ರೈವಿನಿಂದ ಬೂಟ್ ಮಾಡುವ ಕೀ ಗಿಗಾಬೈಟ್ ಬೋರ್ಡಿನಲ್ಲಿ ಎಫ್12, ಎಎಸ್‌ಯುಎಸ್‌ನಲ್ಲಿ ಎಫ್8, ಎಂಎಸ್‌ಐನಲ್ಲಿ ಎಫ್11, ಇಂಟೆಲ್‌ನಲ್ಲಿ ಎಫ್10. ಪ್ರಾಡಕ್ಟ್ ಕೀ ಕೇಳಿದಾಗ ನನ್ನಲ್ಲಿ ಇಲ್ಲ ಎಂದು ಮುಂದೆ ಹೋಗಿ, ಮೊದಲು ಇದ್ದ ಆವೃತ್ತಿಯನ್ನೇ, ಅಂದರೆ ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ ಆರಿಸಿ. ಮೊದಲಿನದು ಸಾಚಾ ಡಿಜಿಟಲ್ ಲೈಸೆನ್ಸ್ ಆಗಿದ್ದರೆ ಅದು ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ; ಇಂಟರ್ನೆಟ್ ಸಿಕ್ಕ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತದೆ. ಎಲ್ಲ ಮುಗಿದ ಮೇಲೆ ಹಳೆಯ ಡಿಸ್ಕನ್ನು ಮತ್ತೆ ಜೋಡಿಸಿ, ಫೋಟೊ ವಿಡಿಯೊ ಇಡಲು ಬಳಸಿ.

ಇಷ್ಟಾದ ಮೇಲೂ ದಿನದ ಕೆಲಸದಲ್ಲಿ ಸಿಪಿಯು ಗೆರೆ ಮೇಲೇ ನಿಂತರೆ ಆಗ ಐ5 ಮಾತು. ಸೆಕೆಂಡ್ ಹ್ಯಾಂಡ್ ಐ5-2400 ನೇರವಾಗಿ ಕೂರುತ್ತದೆ, ಎರಡರ ಬದಲು ನಾಲ್ಕು ಕೋರ್ ಸಿಗುತ್ತದೆ. ಐ5-3470 ಹಾಕುವುದಿದ್ದರೆ ಹಳೆಯ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿಕೊಳ್ಳಬೇಕಾಗಬಹುದು. ಹೊಸ ಪ್ರೊಸೆಸರ್ ಕೊಳ್ಳಲು ಹೋಗಬೇಡಿ, ಈ ಸಾಕೆಟ್ಟಿಗೆ ಈಗ ಯಾರೂ ತಯಾರಿಸುವುದಿಲ್ಲ.

ಪ್ರಶ್ನೆ: ನನ್ನದು ಕೋರ್ 2 ಡ್ಯುಯೊ, ಜಿ41 ಬೋರ್ಡ್, ಡಿಡಿಆರ್3. ಹೊಸ 4 ಜಿಬಿ ರ‍್ಯಾಮ್ ತಂದು ಹಾಕಿದರೆ ಬೀಪ್ ಬೀಪ್ ಅನ್ನುತ್ತದೆ, ಪರದೆ ಕಪ್ಪು. ಅದೇ ರ‍್ಯಾಮ್ ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ಸರಿಯಾಗಿದೆ. ಬೋರ್ಡ್ ಹೋಗಿದೆಯೇ?
— ಕೆ. ಆರ್., ತಿಪಟೂರು

ಉತ್ತರ: ಬೋರ್ಡ್ ಸರಿಯಾಗಿಯೇ ಇರಬೇಕು. ಮೊದಲು ಕಡ್ಡಿಯ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಎರಡೂ ಬದಿಯ ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ ನೋಡಿ. ಆಗಲೂ ಬೀಪ್ ಬಂದರೆ ಕಡ್ಡಿಯ ಮೇಲಿನ ಕರಿ ಚಿಪ್ಪುಗಳನ್ನು ಎಣಿಸಿ. ಒಂದೇ ಬದಿಯಲ್ಲಿ 8 ಚಿಪ್ಪಿದ್ದರೆ ಅಲ್ಲೇ ತೊಡಕು. ಜಿ41ಗೆ ಪ್ರತಿ ಚಿಪ್ಪು 2 ಗಿಗಾಬಿಟ್‌ವರೆಗೆ ಮಾತ್ರ ಅರ್ಥವಾಗುತ್ತದೆ. 8 ಚಿಪ್ಪಿನಲ್ಲಿ 4 ಜಿಬಿ ತುಂಬಿದ ಈಚಿನ ಕಡ್ಡಿಗಳಲ್ಲಿ ಒಂದೊಂದೂ 4 ಗಿಗಾಬಿಟ್ಟಿನದು. ಇಂಥದ್ದನ್ನು ಹಾಕಿದರೆ ಒಂದೋ ಬೀಪ್, ಇಲ್ಲವೇ 2 ಜಿಬಿ ಎಂದು ತೋರಿಸುತ್ತದೆ. ಎರಡೂ ಬದಿ ಸೇರಿ 16 ಚಿಪ್ಪಿರುವ 4 ಜಿಬಿ ಕಡ್ಡಿ ಕೇಳಿ. ಅಂಥವು ಎರಡು ಹಾಕಿ 8 ಜಿಬಿಗೆ ಏರಿಸಬಹುದು, ಅದಕ್ಕಿಂತ ಮೇಲೆ ಈ ಬೋರ್ಡ್ ಹೋಗದು. ತುಂಬಾ ಅಗ್ಗಕ್ಕೆ ಸಿಗುವ, ಎಎಂಡಿಗೆ ಮಾತ್ರ ಎಂದು ಬರೆದ ಕಡ್ಡಿಗಳನ್ನು ಮುಟ್ಟಬೇಡಿ. ಇಂಟೆಲ್ ಬೋರ್ಡಿನಲ್ಲಿ ಅವು ಏಳುವುದಿಲ್ಲ.

ಕೇಳದೆಯೇ ಒಂದು ಮಾತು. ಕೋರ್ 2 ಡ್ಯುಯೊಗೆ ದೊಡ್ಡ ಖರ್ಚು ಮಾಡಬೇಡಿ. ಎಸ್‌ಎಸ್‌ಡಿ ಹಾಕಿದರೆ ನಾಳೆ ಬೇರೆ ಯಂತ್ರಕ್ಕೂ ಬರುತ್ತದೆ, ಅಡ್ಡಿಯಿಲ್ಲ. ಡಿಡಿಆರ್3 ರ‍್ಯಾಮ್ ಮುಂದಿನ ಯಂತ್ರಕ್ಕೆ ಬರುವ ಭರವಸೆಯಿಲ್ಲ, ಗ್ರಾಫಿಕ್ಸ್ ಕಾರ್ಡಂತೂ ಬೇಡವೇ ಬೇಡ.

ಪ್ರಶ್ನೆ: ಎಸ್‌ಎಸ್‌ಡಿ ಹಾಕಿಸಿ ವಿಂಡೋಸ್ 10 ಹಾಕಿಕೊಂಡೆ. ಬಯಾಸಿನಲ್ಲಿ ಸಾಟಾ ಮೋಡ್ ಐಡಿಇ ಎಂದಿತ್ತು, ವೇಗ ಹೆಚ್ಚುತ್ತದೆಂದು ಓದಿ ಎಎಚ್‌ಸಿಐ ಎಂದು ಬದಲಿಸಿದೆ. ಈಗ ನೀಲಿ ಪರದೆ, ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಅನ್ನುತ್ತಿದೆ. ಮತ್ತೆ ಫಾರ್ಮ್ಯಾಟ್ ಮಾಡಿಸಬೇಕೇ?
— ಪಿ. ಜಿ., ಕುಂದಾಪುರ

ಉತ್ತರ: ಬೇಡ. ಬಯಾಸಿಗೆ ಹೋಗಿ ಮತ್ತೆ ಐಡಿಇ ಮಾಡಿ, ವಿಂಡೋಸ್ ಏನೂ ಆಗದವರಂತೆ ಏಳುತ್ತದೆ. ಐಡಿಇ, ಎಎಚ್‌ಸಿಐ ಎಂದರೆ ಬೋರ್ಡ್ ಡಿಸ್ಕಿನೊಡನೆ ಮಾತಾಡುವ ಹಳೆಯ ಮತ್ತು ಹೊಸ ರೀತಿಗಳು. ಶುರುವಿನಲ್ಲಿ ವಿಂಡೋಸ್ ತನಗೆ ಬೇಕಾದ ಡಿಸ್ಕ್ ಡ್ರೈವರನ್ನಷ್ಟೇ ಎತ್ತಿಕೊಳ್ಳುತ್ತದೆ. ನೀವು ದಿಢೀರನೆ ಮೋಡ್ ಬದಲಿಸಿದಾಗ ಬೇಕಾದ ಡ್ರೈವರ್ ಕೈಯಲ್ಲಿ ಇರಲಿಲ್ಲ.

ಸರಿಯಾದ ಕ್ರಮ ಹೀಗೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಇಂಗ್ಲಿಷಿನಲ್ಲಿ ಎಂ, ಎಸ್, ಸಿ, ಓ, ಎನ್, ಎಫ್, ಐ, ಜಿ ಎಂಟು ಅಕ್ಷರ ಬಿಡುವಿಲ್ಲದೆ ಬರೆದು ಎಂಟರ್ ಕೊಡಿ. ಬೂಟ್ ಪುಟದಲ್ಲಿ ಸೇಫ್ ಬೂಟ್, ಮಿನಿಮಲ್ ಗುರುತು ಹಾಕಿ ರೀಸ್ಟಾರ್ಟ್ ಮಾಡಿ. ವಿಂಡೋಸ್ ಏಳುವ ಮೊದಲೇ ಬಯಾಸಿಗೆ ಹೋಗಿ ಎಎಚ್‌ಸಿಐ ಮಾಡಿ ಉಳಿಸಿ. ಸೇಫ್ ಮೋಡಿನಲ್ಲಿ ವಿಂಡೋಸ್ ಎಲ್ಲ ಡ್ರೈವರುಗಳನ್ನೂ ಹುಡುಕಿಕೊಳ್ಳುವುದರಿಂದ ಈ ಸಲ ನೀಲಿ ಪರದೆ ಬರುವುದಿಲ್ಲ. ಆಮೇಲೆ ಅದೇ ಪುಟದಲ್ಲಿ ಗುರುತು ತೆಗೆದು ಮತ್ತೆ ರೀಸ್ಟಾರ್ಟ್. ಎಚ್ಚರಿಕೆ ಒಂದೇ: ಸೇಫ್ ಮೋಡಿನಲ್ಲಿ ನಾಲ್ಕಂಕಿಯ ಪಿನ್ ನಡೆಯದೆ ಹೋಗಬಹುದು, ಖಾತೆಯ ಪೂರ್ತಿ ಪಾಸ್‌ವರ್ಡ್ ಗೊತ್ತಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: ಡಿಟಿಪಿ ಕೆಲಸ ಮಾಡುತ್ತೇನೆ. ಪೇಜ್‌ಮೇಕರ್ 7, ನುಡಿ ಎರಡೂ ಬೇಕೇ ಬೇಕು. ಮೂರನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದೆ, ವೇಗದ ತೊಂದರೆ ಇಲ್ಲ. ವಿಂಡೋಸ್ 10 ಮುಗಿಯಿತು, 11 ಹಾಕಿ ಅನ್ನುತ್ತಾರೆ. ಲಿನಕ್ಸ್ ಹಾಕಿದರೆ ಹಗುರ ಎಂದೂ ಹೇಳುತ್ತಾರೆ.
— ಎಸ್. ಬಿ., ಧಾರವಾಡ

ಉತ್ತರ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರಿಗೆ ಭದ್ರತಾ ಅಪ್‌ಡೇಟುಗಳನ್ನು 2026ರ ಅಕ್ಟೋಬರ್ 13ರವರೆಗೆ ವಿಸ್ತರಿಸುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತ್ತು. 22ಎಚ್2 ಆವೃತ್ತಿ ಇದ್ದರೆ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿ ಕೊಂಡಿ ಕಾಣುತ್ತದೆ. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್ ಎಂಟನೇ ತಲೆಮಾರು ಮತ್ತು ಟಿಪಿಎಂ 2.0 (ಬೋರ್ಡಿನ ಭದ್ರತಾ ಚಿಪ್ಪು) ಕೇಳುತ್ತದೆ, ನಿಮ್ಮಲ್ಲಿ ಎರಡೂ ಇಲ್ಲ. ತಪಾಸಣೆ ತಪ್ಪಿಸಿ ಹಾಕುವ ದಾರಿಗಳಿವೆ, ಆದರೆ ಪ್ರತಿ ದೊಡ್ಡ ಅಪ್‌ಡೇಟಿಗೂ ಅದೇ ರಗಳೆ. ಹೊಟ್ಟೆಪಾಡಿನ ಯಂತ್ರದಲ್ಲಿ ಆ ಆಟ ಬೇಡ.

ಲಿನಕ್ಸ್ ಹಗುರವೇನೋ ಹೌದು. ಲಿನಕ್ಸ್ ಮಿಂಟ್‌ನ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ, ಅದರ ಎಕ್ಸ್‌ಎಫ್‌ಸಿಇ ಆವೃತ್ತಿ 4 ಜಿಬಿಯಲ್ಲೂ ಚೆನ್ನಾಗಿ ಓಡುತ್ತದೆ, ಕೀಬೋರ್ಡ್ ಪಟ್ಟಿಯಲ್ಲಿ ಕಗಪ ವಿನ್ಯಾಸವೂ ಸಿಗುತ್ತದೆ, ಯುನಿಕೋಡ್ ಕನ್ನಡ ಬರೆಯಲು ಏನೂ ತೊಡಕಿಲ್ಲ. ನಿಮ್ಮ ತೊಡಕು ಬೇರೆ. ಪೇಜ್‌ಮೇಕರಿಗೆ ಯುನಿಕೋಡ್ ಬರುವುದಿಲ್ಲ, ಆದ್ದರಿಂದ ನಿಮ್ಮ ಹಳೆಯ ಕಡತಗಳೆಲ್ಲ ನುಡಿಯ ಆಸ್ಕಿ ಫಾಂಟಿನಲ್ಲಿವೆ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಹಳೆಯ ಫಾಂಟಿನಲ್ಲಿ. ಆ ಫಾಂಟನ್ನು ಲಿನಕ್ಸಿಗೆ ನಕಲು ಮಾಡಿ ವರ್ಡ್ ಕಡತ ಓದಬಹುದು. ಪೇಜ್‌ಮೇಕರ್ ಕಡತವನ್ನು ತೆರೆದು ತಿದ್ದಿ ಪ್ರೆಸ್ಸಿಗೆ ಕಳಿಸುವ ಕೆಲಸಕ್ಕೆ ಲಿನಕ್ಸನ್ನು ನೆಚ್ಚಿಕೊಳ್ಳುವಂತಿಲ್ಲ.

ನಿಮ್ಮ ಜಾಗದಲ್ಲಿ ಸರಿಯೆನಿಸುವುದು ಇಷ್ಟು: ಈ ಯಂತ್ರವನ್ನು ವಿಂಡೋಸ್ 10ರಲ್ಲೇ ಬಿಟ್ಟು ನೋಂದಣಿ ಮಾಡಿಸಿ. ಅವಧಿ ಮುಗಿದ ಮೇಲೆ ಇಂಟರ್ನೆಟ್ ಕೇಬಲ್ ತೆಗೆದು ಡಿಟಿಪಿಗೆ ಮಾತ್ರ ಮೀಸಲಿಡಿ. ಮೇಲ್, ಬ್ಯಾಂಕು, ವಾಟ್ಸ್ಯಾಪ್ ಬೇರೆ ಯಂತ್ರದಲ್ಲಿ. ಗಿರಾಕಿಗಳು ತರುವ ಪೆನ್‌ಡ್ರೈವನ್ನು ಆ ಬೇರೆ ಯಂತ್ರದಲ್ಲಿ ಸ್ಕ್ಯಾನ್ ಮಾಡಿಯೇ ಇಲ್ಲಿಗೆ ಚುಚ್ಚಿ.

ಪ್ರಶ್ನೆ: ಮೊದಲ ಅರ್ಧ ಗಂಟೆ ಕಂಪ್ಯೂಟರ್ ಚುರುಕಾಗಿರುತ್ತದೆ, ಆಮೇಲೆ ಫ್ಯಾನ್ ಜೋರಾಗಿ ಸದ್ದು ಮಾಡಿ ಎಲ್ಲ ಮಂದವಾಗುತ್ತದೆ. ಬೇಸಿಗೆಯಲ್ಲಿ ಕೆಲವೊಮ್ಮೆ ತಾನೇ ಆಫ್ ಆಗುತ್ತದೆ.
— ವಿ. ಎನ್., ರಾಯಚೂರು

ಉತ್ತರ: ಬಿಸಿ. ಟಾಸ್ಕ್ ಮ್ಯಾನೇಜರಿನ ಸಿಪಿಯು ಪುಟದಲ್ಲಿ ಸ್ಪೀಡ್ ಎಂಬ ಅಂಕಿಯ ಮೇಲೆ ಕಣ್ಣಿಡಿ. ಕೆಲಸ ಜೋರಾಗಿ ನಡೆಯುತ್ತಿರುವಾಗಲೇ 3ರ ಮೇಲಿದ್ದ ಗಿಗಾಹರ್ಟ್ಸ್ ಅರ್ಧಕ್ಕಿಳಿದರೆ ಪ್ರೊಸೆಸರ್ ಸುಡದಿರಲೆಂದು ತಾನೇ ನಿಧಾನಿಸುತ್ತಿದೆ ಎಂದರ್ಥ. ಕೋರ್ ಟೆಂಪ್‌ನಂಥ ಉಚಿತ ತಂತ್ರಾಂಶದಲ್ಲಿ ಉಷ್ಣತೆ ನೋಡಿ. ಸುಮ್ಮನಿದ್ದಾಗ 40-50 ಡಿಗ್ರಿ ರಾಯಚೂರಿನ ಸೆಕೆಗೆ ಸಹಜ. ಕೆಲಸದಲ್ಲಿ 95 ದಾಟಿದರೆ ಕೂಲರ್ ಬಿಚ್ಚಲೇಬೇಕು.

ಮೊದಲು ಧೂಳು. ಬಿಸಿ ಹೀರುವ ಅಲ್ಯುಮಿನಿಯಂ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತಿರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿಟ್ಟುಕೊಳ್ಳಿ. ಧೂಳು ತೆಗೆದೂ ಇಳಿಯದಿದ್ದರೆ ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿದೆ. ಇಂಟೆಲ್ ಕೂಲರಿನ ನಾಲ್ಕು ಮೂಲೆಯ ಕರಿ ಪಿನ್ನುಗಳನ್ನು ಅದರ ಮೇಲಿನ ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲೆಳೆದರೆ ಬಿಡುತ್ತದೆ. ಎಎಂಡಿ ಆದರೆ ಹತ್ತು ನಿಮಿಷ ಓಡಿಸಿ ಪೇಸ್ಟ್ ಮೆತ್ತಗಾದ ಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ತುಸು ತಿರುಚಿ ಎತ್ತಿ. ನೇರವಾಗಿ ಎಳೆದರೆ ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತು ಬಂದು ಪಿನ್ನುಗಳು ಬಾಗುತ್ತವೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಎರಡೂ ಕಡೆ ಪೂರ್ತಿ ಒರೆಸಿ, ನಡುವೆ ಒಂದು ಅಕ್ಕಿಕಾಳಿನಷ್ಟು ಹೊಸದನ್ನು ಇಡಿ. ಜಾಸ್ತಿ ಬಳಿದರೆ ಜಾಸ್ತಿ ತಂಪು ಎಂಬುದು ಸುಳ್ಳು, ಬದಿಗೆ ಸೋರಿ ಸಾಕೆಟ್ಟಿಗೆ ಇಳಿಯುತ್ತದಷ್ಟೇ. ಪಿನ್ನುಗಳನ್ನು ಹಿಂದಕ್ಕೆ ತಿರುಗಿಸಿ, ಎದುರುಬದುರು ಮೂಲೆಗಳನ್ನು ಜೋಡಿಯಾಗಿ ಕಟಕ್ ಎನ್ನುವಂತೆ ಒತ್ತಿ. ಬೋರ್ಡಿನ ಹಿಂಬದಿಯಲ್ಲಿ ನಾಲ್ಕೂ ಬಿಳಿ ಕಾಲುಗಳು ಅಗಲವಾಗಿ ಕವಲೊಡೆದು ಕೂತಿರಬೇಕು. ಒಂದು ಕಾಲು ಕೂರದಿದ್ದರೂ ಪೇಸ್ಟ್ ಹಾಕಿಸಿದ ಮೇಲೂ ಬಿಸಿ ಹಾಗೇ ಇರುತ್ತದೆ. ಪೇಸ್ಟ್ ಹಾಕಿಸಿದರೂ ಪ್ರಯೋಜನವಾಗಲಿಲ್ಲ ಎನ್ನುವ ದೂರುಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಪ್ರಶ್ನೆ: ಡೆಲ್ ಆಪ್ಟಿಪ್ಲೆಕ್ಸ್ 3020, ಚಿಕ್ಕ ಕ್ಯಾಬಿನೆಟ್, ಐ5-4590. ಯೂಟ್ಯೂಬ್‌ನಲ್ಲಿ 1080 ವಿಡಿಯೊ ತಡವರಿಸುತ್ತದೆ. ಗ್ರಾಫಿಕ್ಸ್ ಕಾರ್ಡ್ ಮತ್ತು 450 ವ್ಯಾಟ್ ಎಸ್‌ಎಂಪಿಎಸ್ ಹಾಕಿಸಲೇ?
— ಆರ್. ಎಚ್., ಮಡಿಕೇರಿ

ಉತ್ತರ: ದುಡ್ಡು ತೆಗೆಯುವ ಮೊದಲು ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟಾಟ್ಸ್ ಫಾರ್ ನರ್ಡ್ಸ್ ಆರಿಸಿ. ಕೋಡೆಕ್ (ವಿಡಿಯೊವನ್ನು ಒತ್ತಿ ಕಳಿಸುವ ರೂಪ) ಸಾಲಿನಲ್ಲಿ ವಿಪಿ09 ಅಥವಾ ಎವಿ01 ಇದ್ದರೆ, ನಿಮ್ಮ ಪ್ರೊಸೆಸರಿನೊಳಗಿನ ಗ್ರಾಫಿಕ್ಸಿಗೆ ಆ ಭಾಷೆ ಸರಿಯಾಗಿ ಬರುವುದಿಲ್ಲ, ಹೊರೆಯೆಲ್ಲ ಸಿಪಿಯು ಮೇಲೆ ಬೀಳುತ್ತದೆ. ಎಚ್264ಇಫೈ ಎಂಬ ಉಚಿತ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿದರೆ ಯೂಟ್ಯೂಬ್ ಹಳೆಯ ಎವಿಸಿ1 ರೂಪದಲ್ಲಿ ವಿಡಿಯೊ ಕಳಿಸುತ್ತದೆ, ಅದನ್ನು ನಿಮ್ಮ ಗ್ರಾಫಿಕ್ಸ್ ಸಲೀಸಾಗಿ ಬಿಡಿಸುತ್ತದೆ. 1080ಕ್ಕಿಂತ ಮೇಲಿನ ಗುಣಮಟ್ಟ ಆಗ ಸಿಗುವುದಿಲ್ಲ, ನಿಮಗೆ ಬೇಕಾದದ್ದೂ 1080 ತಾನೆ.

450 ವ್ಯಾಟಿನ ಸಾಮಾನ್ಯ ಎಸ್‌ಎಂಪಿಎಸ್ ಅಂತೂ ತರಬೇಡಿ. 3020ರ ಬೋರ್ಡಿನಲ್ಲಿ ಎಲ್ಲರಂತೆ 24 ಪಿನ್ ಇಲ್ಲ, ಡೆಲ್‌ನದೇ 8 ಪಿನ್ ಇದೆ. ನೀವು ತರುವ ಎಸ್‌ಎಂಪಿಎಸ್ ಅದಕ್ಕೆ ಜೋಡಣೆಯಾಗುವುದಿಲ್ಲ, ಆ ಚಿಕ್ಕ ಡಬ್ಬಿಯಲ್ಲಿ ಹಿಡಿಸುವುದೂ ಇಲ್ಲ. ಕಾರ್ಡ್ ಹಾಕಲೇಬೇಕು ಎಂದಾದರೆ ಲೋ ಪ್ರೊಫೈಲ್ (ಚಿಕ್ಕ ಕ್ಯಾಬಿನೆಟ್ಟಿಗೆ ಹಿಡಿಸುವ ಕಿರಿದಾದ) ಜಿಟಿ 1030, ಜಿಡಿಡಿಆರ್5 ಮೆಮೊರಿಯದು. 30 ವ್ಯಾಟಿನಲ್ಲಿ ಮುಗಿಯುತ್ತದೆ, ಬೇರೆ ಪವರ್ ಕೇಬಲ್ ಬೇಡ. ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯದೂ ಮಾರುತ್ತಾರೆ, ಅದು ತೀರಾ ನಿಧಾನ. ಜಿಟಿ 710 ಇನ್ನೂ ಅಗ್ಗ, ಆದರೆ ಅದಕ್ಕೂ ವಿಪಿ9 ಬಿಡಿಸಲು ಬರುವುದಿಲ್ಲ, ಹಾಕಿಸಿ ಏನೂ ಬದಲಾಗದು.

ಪ್ರಶ್ನೆ: ಪ್ರತಿ ಬೆಳಗ್ಗೆ ದಿನಾಂಕ ಹಿಂದೆ ಹೋಗಿರುತ್ತದೆ, ಯಾವ ವೆಬ್‌ಸೈಟೂ ತೆರೆಯುವುದಿಲ್ಲ.
— ಜೆ. ಎಂ., ಚಿತ್ರದುರ್ಗ

ಉತ್ತರ: ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಮುಗಿದಿದೆ. ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಹಾಕಿದ ಮೇಲೆ ಬಯಾಸಿನಲ್ಲಿ ದಿನಾಂಕದ ಜೊತೆ ಸಾಟಾ ಮೋಡನ್ನೂ ನೋಡಿ. ಬ್ಯಾಟರಿ ಹೋದಾಗ ಅದೂ ಮೊದಲಿನಂತಾಗಿ, ಕುಂದಾಪುರದವರ ನೀಲಿ ಪರದೆ ನಿಮಗೂ ಬರಬಹುದು.

ಪ್ರಶ್ನೆ: ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಎಸ್‌ಎಸ್‌ಡಿ ಅರ್ಧ ಬೆಲೆಗೆ ಸಿಗುತ್ತದೆ ಅಂತಾರೆ. ತರಬಹುದೇ?
— ಡಿ. ಕೆ., ರಾಮನಗರ

ಉತ್ತರ: ತರಬಹುದು, ಅಂಗಡಿಯವರು ಅಲ್ಲೇ ಜೋಡಿಸಿ ತೋರಿಸಿದರೆ. ಕ್ರಿಸ್ಟಲ್ ಡಿಸ್ಕ್ ಇನ್ಫೊ ತೆರೆಯಲು ಹೇಳಿ. ಹೆಲ್ತ್ 90 ಶೇಕಡಾಕ್ಕಿಂತ ಮೇಲಿರಲಿ, ಪವರ್ ಆನ್ ಅವರ್ಸ್ ಮತ್ತು ಇದುವರೆಗೆ ಬರೆದ ಗಿಗಾಬೈಟ್ ಒಂದಕ್ಕೊಂದು ಹೊಂದುತ್ತವೆಯೇ ನೋಡಿ. ವರ್ಷಗಟ್ಟಲೆ ಓಡಿದ್ದರಲ್ಲಿ ಬರೆದದ್ದು ಸೊನ್ನೆ ಎಂದಿದ್ದರೆ ಯಾರೋ ಅಂಕಿ ಅಳಿಸಿದ್ದಾರೆ. ಹಳೆಯ ಹಾರ್ಡ್ ಡಿಸ್ಕಿಗೂ ಇದೇ ತಂತ್ರಾಂಶ ಸಾಕು: ಕೆಟ್ಟ ಜಾಗಗಳ ಲೆಕ್ಕ ಹೇಳುವ 05, ಸಿ5, ಸಿ6 ಸಾಲುಗಳಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಕಂಡರೆ ಅವತ್ತೇ ಡೇಟಾ ನಕಲು ಮಾಡಿಕೊಳ್ಳಿ. ಸಿ7 ಮಾತ್ರ ಏರುತ್ತಿದ್ದರೆ ಡಿಸ್ಕ್ ಸರಿಯಾಗಿದೆ, ಡೇಟಾ ಕೇಬಲ್ ಬದಲಿಸಿ.

ಆದರೆ ರಾಮನಗರದಿಂದ ಹೋಗಿ ಬರುವ ಖರ್ಚನ್ನೂ ಸೇರಿಸಿ ನೋಡಿ. ಹೊಸದಕ್ಕೆ ಸಾಮಾನ್ಯವಾಗಿ ಮೂರು ವರ್ಷದ ವಾರಂಟಿ ಬರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದೇ ಆದರೆ ಪ್ರೊಸೆಸರ್, ಡಿಡಿಆರ್3 ರ‍್ಯಾಮ್ ಕೊಳ್ಳಿ. ಅವು ಬಳಸಿದಷ್ಟೂ ಸವೆಯುವ ವಸ್ತುಗಳಲ್ಲ. ಎಸ್‌ಎಸ್‌ಡಿ ಮತ್ತು ಎಸ್‌ಎಂಪಿಎಸ್ ಎರಡನ್ನು ಬಿಲ್ ಸಮೇತ ಹೊಸದನ್ನೇ ತಗೊಳ್ಳಿ.